ರೀಬೂಟ್ ಮಾಡಲೋ ಬೇಡವೋ ಎಂದ ಅಳಿಯನಿಗೆ

ಅಳಿಯಾ, ನಿನ್ನೆ ರಾತ್ರಿ ನಿನ್ನ ಫೋನ್ ಬಂದಾಗ ನಾನು ಅರೆನಿದ್ದೆಯಲ್ಲಿದ್ದೆ. ‘ಮಾವ, ಅಪ್‌ಡೇಟ್ ಹಾಕಿದೆ. ಈಗ ಲಾಗಿನ್ ಆದ ಕೂಡಲೇ ಆ ಕಡೆ ಮೂರು ಚುಕ್ಕಿ ಈ ಕಡೆ ಮೂರು ಚುಕ್ಕಿ ಇಟ್ಟು, ಸಿಸ್ಟಂ ರೀಸ್ಟಾರ್ಟ್ ರಿಕ್ವೈರ್ಡ್ ಅಂತ ತೋರಿಸ್ತಿದೆ. ಮಾಡಲೋ ಬೇಡವೋ?’ ಎಂದು ಕೇಳಿದೆ. ‘ಈಗೇನೂ ಮುಟ್ಟಬೇಡ, ಮಲಗು’ ಅಂದುಬಿಟ್ಟೆ. ಅದು ನಿದ್ದೆ ಕೆಟ್ಟವನ ಮಾತು, ಉತ್ತರವಲ್ಲ. ಬೆಳಿಗ್ಗೆ ಎದ್ದ ಮೇಲೆ ಮನಸ್ಸಿಗೆ ಚುಚ್ಚಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನಿರುವ ವಿಜಯವಾಡದ ಭವಾನಿಪುರಂ ನಾನು ನೋಡಿದ ಜಾಗವೇ. ಒಂದು ಕಡೆ ಇಂದ್ರಕೀಲಾದ್ರಿ, ಮಗ್ಗುಲಲ್ಲೇ ಕೃಷ್ಣಾ. ನಮ್ಮ ಹೊಸಪೇಟೆಯ ಮುಂದೆ ಹರಿದ ತುಂಗಭದ್ರೆಯ ನೀರೇ ಶ್ರೀಶೈಲ, ನಾಗಾರ್ಜುನಸಾಗರ ದಾಟಿ ನಿನ್ನ ಬೀದಿಯ ಹಿಂದೆ ಹಾಯುತ್ತದೆ. ನೀನು ನೋಡಿಕೊಳ್ಳುತ್ತಿರುವುದು ಗೊಲ್ಲಪೂಡಿಯ ಸಗಟು ಅಂಗಡಿಗಳ ಬಿಲ್ಲಿಂಗ್ ನಡೆಸುವ ಸರ್ವರ್. ಅದು ಅರ್ಧ ಗಂಟೆ ನಿಂತರೆ ಲಾರಿಗೆ ಇ-ವೇ ಬಿಲ್ ಹುಟ್ಟುವುದಿಲ್ಲ, ಲಾರಿ ಹೊರಡುವುದಿಲ್ಲ, ಹಮಾಲರು ಸುಮ್ಮನೆ ಕೂರಬೇಕು. ನಿಮ್ಮ ಸಾಹುಕಾರರು ‘ನಡೀತಾ ಇರೋದನ್ನ ಯಾಕೆ ಕೆದಕ್ತೀಯ’ ಎಂದರೆ ಅದರಲ್ಲಿ ತಪ್ಪೇನಿಲ್ಲ. ನಮ್ಮ ನಾಡಕಚೇರಿಯ ಮುಂದೆ ‘ಸರ್ವರ್ ಡೌನ್, ನಾಳೆ ಬನ್ನಿ’ ಕೇಳಿಸಿಕೊಂಡು ವಾಪಸಾದವರಿಗೆಲ್ಲ ಅವರ ಸಂಕಟ ಗೊತ್ತು.

ಆದರೆ ಒಂದು ಮಾತು ಮೊದಲು ತಲೆಯಲ್ಲಿ ಕೂರಬೇಕು. ಅಪ್‌ಡೇಟ್ ಹಾಕಿದ್ದು ಡಿಸ್ಕಿಗೆ. ಕೆಲಸ ಮಾಡುತ್ತಿರುವುದು ಮೆಮೊರಿಯಲ್ಲಿ ಇರುವುದು. ಅಂಗಡಿಯ ಗೋಡೆಗೆ ಹೊಸ ದರಪಟ್ಟಿ ಅಂಟಿಸಿದ್ದೀಯ, ಸರಿ. ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ಗುಮಾಸ್ತ ಬೆಳಿಗ್ಗೆಯೇ ಹಳೇ ದರ ಬಾಯಿಪಾಠ ಮಾಡಿಕೊಂಡು ಕೂತಿದ್ದಾನೆ. ಅವನು ಎದ್ದು ಹೋಗಿ ಮತ್ತೆ ಬಂದು ಗೋಡೆ ನೋಡುವ ತನಕ ಗಿರಾಕಿಗೆ ಹೇಳುವುದು ಹಳೇ ದರವನ್ನೇ. ಲಿನಕ್ಸ್ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಹಳೇ ಲೈಬ್ರರಿ ಫೈಲನ್ನು ಅಳಿಸಿ ಹೊಸದನ್ನು ಇಟ್ಟರೂ, ಹಳೆಯದನ್ನು ಹಿಡಿದುಕೊಂಡ ಪ್ರೋಗ್ರಾಂ ಕೈಬಿಡುವವರೆಗೆ ಅದು ಡಿಸ್ಕಿನಲ್ಲೇ ಹೆಸರಿಲ್ಲದೆ ಉಳಿದಿರುತ್ತದೆ. ನೀನು ಎಲ್‌ಎಸ್ ಹಾಕಿ ನೋಡಿದರೆ ಕಾಣದು. ಎಲ್‌ಎಸ್‌ಓಎಫ್ ಹಾಕಿ ನೋಡಿದರೆ ಮಾತ್ರ ‘ಡಿಲೀಟೆಡ್’ ಎಂಬ ಹಣೆಪಟ್ಟಿ ಹೊತ್ತು ಓಡಾಡುತ್ತಿರುವುದು ಕಾಣುತ್ತದೆ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಬಯಲಾದಾಗ ಇದೇ ಆಯಿತು. ಸರ್ವರಿನ ಮೆಮೊರಿಯಲ್ಲಿರುವ ಪಾಸ್‌ವರ್ಡು, ಖಾಸಗಿ ಕೀಲಿ ಎಲ್ಲವನ್ನೂ ಹೊರಗಿನವರು ಚೂರುಚೂರಾಗಿ ಹೀರಿಕೊಳ್ಳಬಹುದಾದ ತೂತು ಅದು. ಪ್ಯಾಚ್ ಅದೇ ದಿನ ಬಂತು. ಹಾಕಿದೆವು, ನಿಟ್ಟುಸಿರು ಬಿಟ್ಟೆವು. ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದವರ ಯಂತ್ರ ಮಾತ್ರ ಹಳೇ ಲೈಬ್ರರಿಯನ್ನೇ ಹಿಡಿದುಕೊಂಡು ತೂತಿನ ಸಮೇತ ಓಡುತ್ತಿತ್ತು. ಪ್ಯಾಕೇಜ್ ಪಟ್ಟಿ ನೋಡಿದರೆ ಹೊಸ ಆವೃತ್ತಿ! ಪಟ್ಟಿಯನ್ನು ನಂಬಿ ಕೂತವರಲ್ಲಿ ನಾನೂ ಒಬ್ಬ. ಎರಡು ದಿನ ಬಿಟ್ಟು ಬೇರೆ ಯಾರೋ ತೋರಿಸಿಕೊಟ್ಟ ಮೇಲೆ ಬುದ್ಧಿ ಬಂತು.

ಹಾರ್ಟ್‌ಬ್ಲೀಡ್‌ಗೆ ಯಂತ್ರವನ್ನೇ ರೀಬೂಟ್ ಮಾಡಬೇಕಾಗಿರಲಿಲ್ಲ ಎಂಬುದನ್ನೂ ಗಮನಿಸು. ಆ ಲೈಬ್ರರಿ ಬಳಸುವ ಸರ್ವಿಸುಗಳನ್ನು ಎಬ್ಬಿಸಿ ಕೂರಿಸಿದ್ದರೆ ಸಾಕಿತ್ತು. 2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ ಹೊರಬಿದ್ದ ತೂತಿಗೂ ಅಷ್ಟೇ, ಎಸ್‌ಎಸ್‌ಎಚ್ ಸರ್ವಿಸ್ ಒಂದನ್ನು ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಹಾಗಾಗಿ ನಿನ್ನ ಪ್ರಶ್ನೆಗೆ ಮೊದಲ ಮರುಪ್ರಶ್ನೆ: ಬದಲಾದದ್ದು ಏನು? ನಿನ್ನ ಉಬುಂಟುವಿನಲ್ಲಿ ಆ ಮೂರು ಚುಕ್ಕಿಯ ಸಾಲು ಬರುವುದು /ವಾರ್/ರನ್ ಒಳಗೆ ‘ರೀಬೂಟ್-ರಿಕ್ವೈರ್ಡ್’ ಎಂಬ ಪುಟ್ಟ ಫೈಲು ಹುಟ್ಟಿದೆ ಎಂಬ ಕಾರಣಕ್ಕೆ. ಅದರ ಪಕ್ಕದಲ್ಲೇ ಅದೇ ಹೆಸರಿಗೆ ‘ಪಿಕೆಜಿಎಸ್’ ಎಂಬ ಬಾಲ ಇರುವ ಇನ್ನೊಂದು ಫೈಲಿದೆ. ರೀಬೂಟ್ ಕೇಳಿದ ಪ್ಯಾಕೇಜ್ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ನಿನ್ನೆ ರಾತ್ರಿ ಅದನ್ನು ತೆರೆದು ನೋಡಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು. ರೆಡ್‌ಹ್ಯಾಟ್ ಕಡೆಯ ಯಂತ್ರ ಕೈಗೆ ಬಂದರೆ ‘ನೀಡ್ಸ್-ರೀಸ್ಟಾರ್ಟಿಂಗ್ -ಆರ್’ ಎಂದು ಕೇಳು, ಅದೇ ಹೇಳುತ್ತದೆ. ಉಬುಂಟುವಿನ ‘ನೀಡ್‌ರೀಸ್ಟಾರ್ಟ್’ ಯಾವ ಯಾವ ಸರ್ವಿಸ್ ಹಳೇ ಲೈಬ್ರರಿ ಹಿಡಿದು ಕೂತಿದೆ ಎಂದು ಹೆಸರು ಹಿಡಿದು ಕರೆಯುತ್ತದೆ.

ಬದಲಾದದ್ದು ಲಿನಕ್ಸಿನ ತಿರುಳಾದ ಕರ್ನಲ್ ಆದರೆ ಬೇರೆ ದಾರಿಯಿಲ್ಲ. ‘ಯುನೇಮ್ -ಆರ್’ ಹೇಳುವುದು ಈಗ ಓಡುತ್ತಿರುವ ಕರ್ನಲ್, /ಬೂಟ್ ಒಳಗೆ ಇರುವುದು ಮುಂದೆ ಓಡಬೇಕಾದದ್ದು. ಎರಡೂ ಬೇರೆಯಾಗಿದ್ದರೆ ನಡುವಿನ ಸೇತುವೆ ರೀಬೂಟ್ ಒಂದೇ. ಪ್ರೊಸೆಸರಿನ ಮೈಕ್ರೋಕೋಡ್ ಬದಲಾದರೂ ರೀಬೂಟೇ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರಿನ ತೂತುಗಳು ಹೊರಬಂದಾಗ ಜಗತ್ತಿನ ದೊಡ್ಡ ದೊಡ್ಡ ಕ್ಲೌಡ್ ಕಂಪನಿಗಳೇ ಗಿರಾಕಿಗಳಿಗೆ ಮೇಲ್ ಹಾಕಿ ಯಂತ್ರಗಳನ್ನು ರೀಬೂಟ್ ಮಾಡಿದವು. ಜಿಲಿಬ್‌ಸಿ, ಡಿ-ಬಸ್ ಇಂಥ, ಅನೇಕ ಪ್ರೋಗ್ರಾಂಗಳು ಆತುಕೊಂಡಿರುವಂಥವು ಬದಲಾದಾಗ ಒಂದೊಂದೇ ಸರ್ವಿಸ್ ಎಬ್ಬಿಸಬಹುದು ಅನ್ನುವವರಿದ್ದಾರೆ. ಮನೆಯ ತೊಲೆ ಬದಲಿಸಿ ಹಂಚು ಒಂದೊಂದೇ ಸರಿಮಾಡುತ್ತ ಕೂರುವ ಆಟ ಅದು. ನನ್ನ ಮಾತು ಕೇಳಿದರೆ ಅಲ್ಲೂ ರೀಬೂಟ್ ಮಾಡು.

ಇನ್ನು ‘ಲೈವ್ ಪ್ಯಾಚ್ ಇದೆಯಲ್ಲ ಮಾವ, ರೀಬೂಟೇ ಬೇಡವಂತೆ’ ಎಂದು ನೀನು ಕೇಳೇ ಕೇಳುತ್ತೀಯ. ಅದಕ್ಕೆ ನಮ್ಮೂರ ಕತೆಯನ್ನೇ ಹೇಳುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. 33 ಗೇಟುಗಳ ಅಣೆಕಟ್ಟು, 1953ರಿಂದ ನಿಂತದ್ದು. ಮೇಲೆ ತುಂಬಿದ ಜಲಾಶಯ, ಕೆಳಗೆ ಮೂರು ರಾಜ್ಯಗಳ ರೈತರು. ನೀರು ಪೂರ್ತಿ ಖಾಲಿ ಮಾಡಿ ಗೇಟು ಕೂರಿಸೋಣ ಅಂದರೆ ಆ ವರ್ಷದ ಬೆಳೆಯೇ ಹೋಗುತ್ತಿತ್ತು. ಆಗ ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಹೊಸಪೇಟೆಗೆ ಹೊಸಪೇಟೆಯೇ ಉಸಿರು ಬಿಗಿಹಿಡಿದು ನೋಡಿದ ಕೆಲಸ ಅದು. ಮೂರೇ ವಾರದ ಮೇಲೆ ನಿನ್ನ ಊರಿನ ಪ್ರಕಾಶಂ ಬ್ಯಾರೇಜಿಗೆ ಪ್ರವಾಹದಲ್ಲಿ ದೋಣಿಗಳು ಬಂದು ಬಡಿದು ಗೇಟುಗಳ ಕೌಂಟರ್‌ವೇಟುಗಳು ಮುರಿದಾಗಲೂ ಅವರನ್ನೇ ಕರೆಸಿದರು.

ಲೈವ್ ಪ್ಯಾಚ್ ಅಂದರೆ ಆ ಸ್ಟಾಪ್‌ಲಾಗ್. 2015ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.0ರಿಂದ ಅದಕ್ಕೆ ಕರ್ನಲ್ ಒಳಗೇ ಜಾಗ ಇದೆ. ಓಡುತ್ತಿರುವ ಕರ್ನಲ್ ಒಳಗೆ ತೂತಿರುವ ಒಂದು ಫಂಕ್ಷನ್ನಿನ ಕರೆಯನ್ನು ಹೊಸ ಫಂಕ್ಷನ್ನಿನ ಕಡೆಗೆ ತಿರುಗಿಸುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಚೆಂದದ ಕೈಚಳಕ, ನನಗಂತೂ ಇಂದಿಗೂ ಬೆರಗು. ಆದರೆ ಅದು ಮುಚ್ಚುವುದು ಕರ್ನಲ್‌ನ ದೊಡ್ಡ ತೂತುಗಳನ್ನು ಮಾತ್ರ. ಜಿಲಿಬ್‌ಸಿಗೆ ಅದರ ಸಂಬಂಧವಿಲ್ಲ, ಮೈಕ್ರೋಕೋಡಿಗೂ ಇಲ್ಲ. ನಮ್ಮ ಅಣೆಕಟ್ಟಿನಲ್ಲೂ ಸ್ಟಾಪ್‌ಲಾಗ್ ಕೂತ ಮೇಲೆ ಮಾತು ಮುಗಿಯಲಿಲ್ಲ. ಗೇಟುಗಳನ್ನೆಲ್ಲ ಬದಲಿಸಬೇಕು ಎಂದು ತಜ್ಞರು ಹೇಳಿದರು, ಮರುವರ್ಷ ಮುಂಗಾರಿನಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸಲೇ ಇಲ್ಲ. ಲೈವ್ ಪ್ಯಾಚ್ ನಿನಗೆ ಕೊಡುವುದು ವೇಳೆ. ಇವತ್ತೇ ರಾತ್ರಿ ಮಾಡಬೇಕಾದದ್ದನ್ನು ಮುಂದಿನ ಭಾನುವಾರ ಮಾಡಬಹುದು. ಮುಂದಿನ ವರ್ಷ ಮಾಡಬಹುದು ಎಂದು ತಿಳಿದೆಯೋ, ಕೆಟ್ಟೆ.

ಆ ವೇಳೆ ಎಷ್ಟು ಇರುತ್ತದೆ? ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಒಂದು ಪ್ಯಾಚ್ ಬಿಟ್ಟಿತು. ಮೇ 12ರಂದು ವಾನಕ್ರೈ ಎಂಬ ಸುಲಿಗೆ ತಂತ್ರಾಂಶ ಬಂತು, ಅದೇ ತೂತಿನಿಂದ ನುಗ್ಗಿತು. ಎರಡು ತಿಂಗಳೂ ತುಂಬಿರಲಿಲ್ಲ. ಮರುದಿನ ಸುದ್ದಿಯಲ್ಲಿ ಬಂದದ್ದು ಎಲ್ಲಿಯ ಹೆಸರು ಅಂದುಕೊಂಡೆ? ಆಂಧ್ರ ಪೊಲೀಸರ ಕಂಪ್ಯೂಟರುಗಳು. ಕೃಷ್ಣಾ, ಗುಂಟೂರು, ವಿಶಾಖಪಟ್ಟಣ, ಚಿತ್ತೂರು, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಪರದೆಯ ಮೇಲೆ ಬಿಟ್‌ಕಾಯಿನ್ ಕೇಳುವ ಕೆಂಪು ಪೆಟ್ಟಿಗೆ ಕೂತಿತ್ತು. ನಿನ್ನ ಆಫೀಸಿನಿಂದ ಕೂಗಳತೆ ಅನ್ನು. ಹಾಗಂತ ಎಲ್ಲ ಅಪ್‌ಡೇಟಿಗೂ ಓಡಬೇಡ. ಕೇಂದ್ರದ ಸರ್ಟ್-ಇನ್ ಎಚ್ಚರಿಕೆ ಕೊಡುತ್ತಲೇ ಇರುತ್ತದೆ, ಅದರಲ್ಲಿ ತೂತಿನ ಗಂಭೀರತೆಯನ್ನೂ ಬರೆದಿರುತ್ತಾರೆ. ಹೊರಗಿನಿಂದ, ಪಾಸ್‌ವರ್ಡ್ ಇಲ್ಲದೆ ನುಗ್ಗಬಹುದಾದ ತೂತು ಎಂದಿದ್ದರೆ ಅದೇ ರಾತ್ರಿ. ಒಳಗೆ ಲಾಗಿನ್ ಆದವನು ಮಾತ್ರ ದುರುಪಯೋಗ ಮಾಡಬಹುದಾದದ್ದು, ಆ ಯಂತ್ರಕ್ಕೆ ಲಾಗಿನ್ ಆಗುವವನು ನೀನೊಬ್ಬನೇ ಎಂದಾದರೆ ವಾರ ಕಾಯಬಹುದು.

ಈಗ ಭಯದ ಮಾತಿಗೆ ಬರೋಣ. ನೀನು ಹೇಳಲಿಲ್ಲ, ನನಗೆ ಕೇಳಿಸಿತು. ‘ಮಾವ, 412 ದಿನದಿಂದ ಒಮ್ಮೆಯೂ ನಿಂತಿಲ್ಲ’ ಎಂದೆಯಲ್ಲ, ಆ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ನಡುಕ. ಮತ್ತೆ ಏಳದಿದ್ದರೆ?

ನನ್ನದೂ ಒಂದು ಹಾಗೇ ಇತ್ತು. ಹದಿನೈದು ವರ್ಷದ ಮೇಲಾಯಿತು, ಬಳ್ಳಾರಿ ಕಡೆಯ ಒಂದು ಆಫೀಸು, ಹೆಸರು ಬೇಡ. ನನಗಿಂತ ಮುಂಚೆ ಇದ್ದವನು ಬಿಟ್ಟುಹೋದ ಸರ್ವರ್, ಮೂರು ವರ್ಷ ನಿಲ್ಲದೆ ಓಡಿತ್ತು. ಬಂದವರಿಗೆಲ್ಲ ‘ಅಪ್‌ಟೈಮ್’ ಹೊಡೆದು ತೋರಿಸುತ್ತಿದ್ದೆ, ಮೊಮ್ಮಗನ ಕೈಲಿ ಶ್ಲೋಕ ಹೇಳಿಸುವ ಅಜ್ಜಿಯ ಹಾಗೆ. ಒಂದು ದಿನ ಯುಪಿಎಸ್ ಬ್ಯಾಟರಿ ಬದಲಿಸಲು ಬಂದ ಹುಡುಗ ತಪ್ಪು ತಂತಿ ಎಳೆದ. ಪಟ್ಟನೆ ಕತ್ತಲೆ. ಕರೆಂಟು ಬಂತು, ಸರ್ವರ್ ಎದ್ದಿತು, ಅರ್ಧಕ್ಕೇ ನಿಂತುಬಿಟ್ಟಿತು. ಬೂಟ್ ಆಗುವಾಗ ಸೇರಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಯಾವುದೋ ಕಾಲದಲ್ಲಿ ಕಿತ್ತುಹಾಕಿದ ಡಿಸ್ಕಿನ ಸಾಲು ಹಾಗೇ ಇತ್ತು. ಅದನ್ನು ತೆಗೆದೆ. ಎದ್ದಿತು. ಡೇಟಾ ಇರಲಿಲ್ಲ! ಡೇಟಾ ಇದ್ದ ಡಿಸ್ಕನ್ನು ಹಿಂದಿನವನು ಕೈಯಾರೆ ಮೌಂಟ್ ಮಾಡಿದ್ದ, ಎಲ್ಲೂ ಬರೆದಿರಲಿಲ್ಲ. ಅದನ್ನು ಹುಡುಕಿ ಮೌಂಟ್ ಮಾಡಿದೆ. ಬಿಲ್ಲಿಂಗ್ ಪ್ರೋಗ್ರಾಂ ಶುರುವಾಗಲಿಲ್ಲ. ಅದನ್ನೂ ಅವನು ಒಂದು ಸ್ಕ್ರೀನ್ ಸೆಷನ್ನಿನಲ್ಲಿ ಕೈಯಾರೆ ಓಡಿಸಿ ಬಿಟ್ಟಿದ್ದ, ಯಾವ ಆಯ್ಕೆಗಳನ್ನು ಕೊಟ್ಟು ಅಂತ ಅವನಿಗೇ ಗೊತ್ತು. ಅವನು ದುಬೈಗೆ ಹೋಗಿಯಾಗಿತ್ತು. ಫೈರ್‌ವಾಲ್ ನಿಯಮಗಳೂ ಮೆಮೊರಿಯಲ್ಲೇ ಇದ್ದವು, ಹೋದವು. ಮರುದಿನ ಹನ್ನೊಂದು ಗಂಟೆಗೆ ಮೊದಲ ಬಿಲ್ ಬಂತು. ಅವತ್ತು ನನ್ನನ್ನು ನೋಡಿದ ಸಾಹುಕಾರರ ಮುಖ ಇನ್ನೂ ಮರೆತಿಲ್ಲ.

ಅಂದರೆ ಆ ಮೂರು ವರ್ಷದಲ್ಲಿ ಆ ಯಂತ್ರ ಸರಿಯಾಗಿತ್ತು ಎಂದುಕೊಂಡದ್ದೇ ಸುಳ್ಳು. ಅದು ಯಾವತ್ತೋ ಕೆಟ್ಟಿತ್ತು, ನಿಲ್ಲಿಸದೇ ಇದ್ದದ್ದಕ್ಕೆ ಗೊತ್ತಾಗಿರಲಿಲ್ಲ. ಅಪ್‌ಟೈಮ್ ಕಂಡರೆ ಈಗ ನನಗೆ ಅನುಮಾನವೇ ಬರುವುದು. ಒಂದು ಕಾಲದಲ್ಲಿ ಲಿನಕ್ಸ್ ಕರ್ನಲ್‌ನ ಕೆಲವು ಆವೃತ್ತಿಗಳು 208 ದಿನ ಓಡಿದ ಮೇಲೆ ಗಡಿಯಾರದ ಲೆಕ್ಕ ಉಕ್ಕಿಹರಿದು ಕುಸಿಯುತ್ತಿದ್ದವು. ಇದೇನೂ ಕಂಪ್ಯೂಟರಿಗೆ ಮಾತ್ರವಲ್ಲ. ಬೋಯಿಂಗ್ 787 ವಿಮಾನದ ವಿದ್ಯುತ್ ವ್ಯವಸ್ಥೆಯನ್ನು 248 ದಿನ ಆರಿಸದೇ ಬಿಟ್ಟರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೇ ಕೈಕೊಡಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆದೇಶವನ್ನೇ ಹೊರಡಿಸಿತು. ಆಗಾಗ ಆರಿಸಿ ಹೊತ್ತಿಸಿ ಎಂಬುದೇ ತಕ್ಷಣದ ಪರಿಹಾರ!

ನಿನ್ನ ಊರಿನಲ್ಲಂತೂ ನೀನು ರೀಬೂಟ್ ಮಾಡದಿದ್ದರೆ ಬೇರೆ ಯಾರೋ ಮಾಡುತ್ತಾರೆ. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆ ಉಕ್ಕಿದಾಗ ವಿಜಯವಾಡದ ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ನಿನ್ನ ಭವಾನಿಪುರಂಗೂ ನೀರು ನುಗ್ಗಿತು. ಸಾಹುಕಾರರ ಒಪ್ಪಿಗೆ ತಗೊಂಡು ಬಂದ ನೀರಲ್ಲ ಅದು. ಹೇಗೂ ಒಂದು ದಿನ ನಿಲ್ಲುವ ಯಂತ್ರವನ್ನು ನೀನು ಆರಿಸಿದ ಗಳಿಗೆಯಲ್ಲಿ, ಬ್ಯಾಕಪ್ ಕೈಯಲ್ಲಿಟ್ಟುಕೊಂಡು, ಎಚ್ಚರವಾಗಿರುವಾಗ ನಿಲ್ಲಿಸು ಎನ್ನುವುದಷ್ಟೇ ನನ್ನ ವಾದ. ಸಾಹುಕಾರರಿಗೂ ಹೀಗೇ ಹೇಳು. ‘ರೀಬೂಟ್ ಮಾಡಬೇಕು ಸಾರ್’ ಎಂದರೆ ಬೇಡ ಅನ್ನುತ್ತಾರೆ. ‘ಕರೆಂಟು ಹೋಗಿ ಬಂದರೆ ಇದು ತಾನಾಗಿ ಏಳುತ್ತಾ ಇಲ್ಲವಾ ಅಂತ ನನಗೇ ಗೊತ್ತಿಲ್ಲ ಸಾರ್, ಒಂದು ಸಲ ನೋಡಿಬಿಡೋಣ’ ಎಂದರೆ ಅವರೇ ದಿನ ಗೊತ್ತುಮಾಡುತ್ತಾರೆ.

ಆ ದಿನದ ವಿಷಯ. 11ನೇ ತಾರೀಕಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಅವುಗಳ ಹಿಂದಿನ ಎರಡು ದಿನ ಆ ಯಂತ್ರದ ಕಡೆ ಬೆರಳೂ ಹಾಕಬೇಡ. ತಿಂಗಳ ಕೊನೆ ಬೇಡ. ದಸರೆಯಲ್ಲಿ, ಅದರಲ್ಲೂ ಮೂಲಾ ನಕ್ಷತ್ರದ ದಿನ ಬೇಡವೇ ಬೇಡ. ಕನಕದುರ್ಗೆಯ ದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿ ಬೆಟ್ಟದ ಕೆಳಗಿನ ರಸ್ತೆ ಮುಚ್ಚಿರುತ್ತಾರೆ, ಸರ್ವರ್ ಏಳದಿದ್ದರೆ ನೀನು ಆಫೀಸು ಮುಟ್ಟುವುದೇ ಸಾಹಸ. ಶುಕ್ರವಾರ ಸಂಜೆ ಬೇಡ ಎಂಬುದು ನಮ್ಮ ಕಸುಬಿನ ಹಳೇ ಮಡಿ. 2024ರ ಜುಲೈ 19, ಶುಕ್ರವಾರ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅವತ್ತು ರೀಬೂಟ್ ಮಾಡಿದಷ್ಟೂ ಮತ್ತೆ ನೀಲಿಯೇ. ಎಷ್ಟೋ ಕಡೆ ಯಂತ್ರದ ಮುಂದೆ ಮನುಷ್ಯ ಹೋಗಿ ಕೂತು ಸರಿಮಾಡಬೇಕಾಯಿತು. ಅದಕ್ಕೇ ನಿನ್ನ ಸರ್ವರಿನ ರಿಮೋಟ್ ಕನ್ಸೋಲ್ ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಿಕೋ. ಎಸ್‌ಎಸ್‌ಎಚ್ ನಂಬಬೇಡ, ಯಂತ್ರ ಅರ್ಧಕ್ಕೆ ನಿಂತಾಗ ಅದು ಬರುವುದಿಲ್ಲ. ಕನ್ಸೋಲ್ ಇಲ್ಲದಿದ್ದರೆ ಮಾನಿಟರ್, ಕೀಬೋರ್ಡ್ ಹೊತ್ತು ಆಫೀಸಿನಲ್ಲೇ ಕೂತು ಮಾಡು. ಹೊಸಪೇಟೆಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೂ ನಾನು ನಿನ್ನ ಹತ್ತಿರ ಬರುವುದು ಮರುದಿನವೇ.

ಇನ್ನೊಂದು ಉಪಾಯ ಹೇಳುತ್ತೇನೆ, ಇದು ಪೆಟ್ಟು ತಿಂದು ಕಲಿತದ್ದು. ಮುಂದಿನ ಸಲದಿಂದ ಅಪ್‌ಡೇಟ್ ಹಾಕುವ ಮೊದಲೇ ಒಂದು ಸಲ ರೀಬೂಟ್ ಮಾಡು. ನಗಬೇಡ. ಅಪ್‌ಡೇಟ್ ಹಾಕಿ ರೀಬೂಟ್ ಮಾಡಿ ಅದು ಏಳದಿದ್ದರೆ, ಕೆಡಿಸಿದ್ದು ಇವತ್ತಿನ ಅಪ್‌ಡೇಟೋ, 400 ದಿನದ ಹಿಂದೆ ಯಾರೋ ಎಫ್‌ಎಸ್‌ಟ್ಯಾಬ್‌ನಲ್ಲಿ ಗೀಚಿದ ಸಾಲೋ ಎಂದು ರಾತ್ರಿ ಎರಡು ಗಂಟೆಗೆ ಹೇಗೆ ಹೇಳುತ್ತೀಯ? ಮೊದಲೇ ಒಮ್ಮೆ ಎಬ್ಬಿಸಿ ನೋಡಿದ್ದರೆ ಹಳೇ ಪಾಪ ಹಳೇದಕ್ಕೆ, ಹೊಸ ಪಾಪ ಹೊಸದಕ್ಕೆ.

ಈ ಸಲಕ್ಕೆ ಆ ಅವಕಾಶ ಹೋಯಿತು. ಅದಕ್ಕೆ ಈಗ ಹೀಗೆ ಮಾಡು. ಇವತ್ತು ಹಗಲಲ್ಲೇ ‘ಮೌಂಟ್’ ಹೊಡೆದು ಬಂದದ್ದನ್ನು ಎಫ್‌ಎಸ್‌ಟ್ಯಾಬ್ ಜೊತೆ ಸಾಲು ಸಾಲಾಗಿ ತಾಳೆ ನೋಡು. ಓಡುತ್ತಿರುವ ಸರ್ವಿಸುಗಳ ಪಟ್ಟಿಯನ್ನು ಒಂದು ಹಾಳೆಗೆ ಬರೆದುಕೋ, ಒಂದೊಂದೂ ಬೂಟ್ ಆದಾಗ ತಾನಾಗಿ ಏಳುವಂತೆ ಎನೇಬಲ್ ಆಗಿದೆಯೇ ನೋಡು. /ಬೂಟ್ ತುಂಬಿದೆಯೇ ನೋಡು, ತುಂಬಿದ್ದರೆ ಹೊಸ ಕರ್ನಲ್ ಅರ್ಧಂಬರ್ಧ ಕೂತಿರಬಹುದು. ಹಳೇ ಕರ್ನಲ್ ತೆಗೆಯಬೇಡ, ಹೊಸದು ಮುನಿಸಿಕೊಂಡರೆ ಗ್ರಬ್ ಮೆನುವಿನಲ್ಲಿ ಹಳೆಯದನ್ನು ಆರಿಸಿ ಎಬ್ಬಿಸಬಹುದು. ಬ್ಯಾಕಪ್ ಇದೆ ಎಂದು ಹೇಳಬೇಡ, ಅದರಿಂದ ಒಂದು ಫೈಲು ವಾಪಸು ತೆಗೆದು ತೋರಿಸು. ಡೇಟಾಬೇಸನ್ನು ಮೊದಲು ನೀನೇ ಮರ್ಯಾದೆಯಿಂದ ನಿಲ್ಲಿಸು.

ಆಮೇಲೆ ಶನಿವಾರ ರಾತ್ರಿ ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಊಟ ಮಾಡಿಕೊಂಡು ಹೋಗಿ ರೀಬೂಟ್ ಕೊಡು. ನಿನ್ನ ಲ್ಯಾಪ್‌ಟಾಪ್ ಅರ್ಧ ನಿಮಿಷಕ್ಕೆ ಏಳುತ್ತದೆ. ಆ ಕಬ್ಬಿಣದ ಪೆಟ್ಟಿಗೆ ಹಾಗಲ್ಲ, ಮೆಮೊರಿ ಎಣಿಸಿಕೊಂಡು, ಡಿಸ್ಕುಗಳನ್ನು ಒಂದೊಂದಾಗಿ ಮಾತಾಡಿಸಿಕೊಂಡು ಐದು ನಿಮಿಷ, ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಪಿಂಗ್‌ಗೆ ಉತ್ತರ ಬರುವುದಿಲ್ಲ. ಎದೆ ಡವಡವ ಅನ್ನುತ್ತದೆ, ಕೈ ತಾನಾಗಿ ಪವರ್ ಬಟನ್ ಕಡೆ ಹೋಗುತ್ತದೆ. ಆ ಕೈಗೆ ಒಂದು ಲೋಟ ಟೀ ಕೊಟ್ಟು ಕೂರಿಸು. ಎದ್ದ ಮೇಲೆ ‘ಯುನೇಮ್ -ಆರ್’ ನೋಡಿ, ಒಂದು ಬಿಲ್ ಹೊಡೆದು ರದ್ದು ಮಾಡಿ, ನನಗೊಂದು ಮೆಸೇಜ್ ಹಾಕು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎಚ್ಚರವಾಗೇ ಇರುತ್ತೇನೆ. ನಿಮ್ಮ ಅತ್ತೆಗೆ ಮಾತ್ರ ಕ್ರಿಕೆಟ್ ನೋಡ್ತಿದ್ದೆ ಅಂತ ಹೇಳುವೆ.